ಒಂದೇ ನಂಬರಿನ ಲೋಕೊ: ಡಬ್ಲ್ಯುಡಿಎಂ-2 ಮಾಡೆಲನ್ನು ಅಸಲಿಗೆ ಹೊಂದಿಸುವ ಕ್ರಮ

ಡಬ್ಲ್ಯುಡಿಎಂ-2 ಎಂಬ ಡೀಸೆಲ್ ಲೋಕೊ (ರೈಲು ಎಂಜಿನ್) ಭಾರತದ ಹಳಿಗಳಿಗೆ ಬಂದದ್ದು 1962ರಲ್ಲಿ. ಅಮೆರಿಕದ ಆಲ್ಕೊ ಕಂಪನಿಯ ವಿನ್ಯಾಸ, 16 ಸಿಲಿಂಡರಿನ 251 ಸರಣಿಯ ಎಂಜಿನ್, 2600 ಅಶ್ವಶಕ್ತಿ. ಬಳಿಕ ವಾರಾಣಸಿಯ ಡೀಸೆಲ್ ಲೋಕೊಮೋಟಿವ್ ವರ್ಕ್ಸ್ ಅದನ್ನು ದಶಕಗಳ ಕಾಲ ತಯಾರಿಸಿತು. ಶೆಡ್ಡಿನಿಂದ ಶೆಡ್ಡಿಗೆ, ಒಂದು ದುರಸ್ತಿಯಿಂದ ಇನ್ನೊಂದಕ್ಕೆ ಇವು ಎಷ್ಟು ಬದಲಾಗಿವೆಯೆಂದರೆ, ಅಕ್ಕಪಕ್ಕ ನಿಂತ ಎರಡು ಲೋಕೊಗಳು ಎಲ್ಲ ವಿವರಗಳಲ್ಲೂ ಒಂದೇ ತೆರನಾಗಿರುವುದು ಅಪರೂಪ. ಆದ್ದರಿಂದ ‘ಡಬ್ಲ್ಯುಡಿಎಂ-2 ಮಾಡೆಲ್ ಮಾಡುತ್ತೇನೆ’ ಎಂದು ಹೊರಡಬಾರದು. ಇಂಥ ನಂಬರು, ಇಂಥ ಶೆಡ್ಡು, ಇಂಥ ವರ್ಷ ಎಂದು ಗೊತ್ತುಮಾಡಿಕೊಂಡ ಮೇಲೆಯೇ ಬ್ಲೇಡು ಕೈಗೆತ್ತಿಕೊಳ್ಳಬೇಕು.

ಮೊದಲ ಕೆಲಸ ಫೋಟೊ ಸಂಗ್ರಹ. ಆರಿಸಿಕೊಂಡ ನಂಬರಿನ ಎರಡೂ ಪಕ್ಕ, ಎರಡೂ ತುದಿ, ಸಾಧ್ಯವಾದರೆ ಮೇಲ್ಸೇತುವೆಯಿಂದ ತೆಗೆದ ಚಾವಣಿಯ ಚಿತ್ರ ಬೇಕು. ಚಾವಣಿಯ ಚಿತ್ರವನ್ನು ಎಲ್ಲರೂ ಮರೆಯುತ್ತಾರೆ, ಆದರೆ ಮೇಜಿನ ಮೇಲಿಟ್ಟ ಮಾಡೆಲಿನಲ್ಲಿ ಕಣ್ಣಿಗೆ ಮೊದಲು ಬೀಳುವುದು ಚಾವಣಿಯೇ. ಚಿತ್ರಗಳೆಲ್ಲ ಒಂದೇ ಅವಧಿಯವಾಗಿರಬೇಕು. ಹೆಡ್‌ಲೈಟು ಒಂಟಿ ದೊಡ್ಡ ದೀಪವೋ ಜೋಡಿ ದೀಪವೋ, ಕ್ಯಾಬಿನ ಮೇಲೆ ಹಳದಿ ಫ್ಲ್ಯಾಷರ್ (ಮಿನುಗುವ ಎಚ್ಚರಿಕೆ ದೀಪ) ಇದೆಯೋ ಇಲ್ಲವೋ, ಶಾರ್ಟ್ ಹುಡ್ (ಕ್ಯಾಬಿನ ಒಂದು ಪಕ್ಕದ ಗಿಡ್ಡ ಮೂತಿ) ಸಾಮಾನ್ಯದ್ದೋ ಅಥವಾ ‘ಜಂಬೊ’ ಎಂದು ಕರೆಸಿಕೊಂಡ ಲೋಕೊಗಳಂತೆ ಪೂರ್ತಿ ಅಗಲದ್ದೋ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಬಫರ್ ಬೀಮಿನ (ಲೋಕೊದ ತುದಿಯ ಅಡ್ಡಪಟ್ಟಿಯ) ಕೊಳವೆಗಳನ್ನೂ ಎಣಿಸಿ. ಮೂಲದಲ್ಲಿ ವ್ಯಾಕ್ಯೂಮ್ ಬ್ರೇಕ್ ಇದ್ದ ಲೋಕೊಗಳಿಗೆ ಆಮೇಲೆ ಏರ್ ಬ್ರೇಕ್ ಸೇರಿದಾಗ ಅಲ್ಲಿ ಹೊಸ ಕೊಳವೆಗಳು ಬಂದವು. ಏರ್ ಬ್ರೇಕಿನ ಬ್ರೇಕ್ ಪೈಪಿಗೆ ಹಸಿರು, ಫೀಡ್ ಪೈಪಿಗೆ ಬಿಳಿ ಬಣ್ಣ ಬಳಿಯುವುದು ರೂಢಿ. ಮಾಡೆಲಿನಲ್ಲಿ ಇದು ಸೂಜಿಮೊನೆಯಷ್ಟು ಬಣ್ಣ, ಆದರೆ ಲೋಕೊ ಯಾವ ಕಾಲದ್ದೆಂದು ಹೇಳುವುದೂ ಅದೇ.

ಅಳತೆಗೆ ಬರೋಣ. ಅಸಲಿ ಲೋಕೊ ಬಫರುಗಳ ನಡುವೆ 17,120 ಮಿ.ಮೀ. ಉದ್ದ, 2,864 ಮಿ.ಮೀ. ಅಗಲ, 4,185 ಮಿ.ಮೀ. ಎತ್ತರ ಇದೆ. ಎಚ್‌ಒ (ಅಸಲಿಯ 87.1ರಲ್ಲಿ ಒಂದು ಪಾಲಿನ) ಅಳತೆಗೆ ಇವನ್ನು 87.1ರಿಂದ ಭಾಗಿಸಿದರೆ ಸುಮಾರು 196.5, 32.9 ಮತ್ತು 48 ಮಿ.ಮೀ. ಸಿಗುತ್ತವೆ. ಉಳಿದ ಭಾಗಗಳನ್ನು ನೇರ ಪಕ್ಕದಿಂದ ತೆಗೆದ ಫೋಟೊದಲ್ಲಿ ಈ ಉದ್ದದ ಅನುಪಾತದಿಂದ ಲೆಕ್ಕ ಹಾಕಿ. ಚಕ್ರವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಹೊಸದರಲ್ಲಿ 1,092 ಮಿ.ಮೀ. ವ್ಯಾಸವಿದ್ದರೂ ಅದು ಸವೆಯುತ್ತ ಹೋಗುತ್ತದೆ. ಗೇಜಿನ, ಅಂದರೆ ಎರಡು ಹಳಿಗಳ ನಡುವಿನ ಅಂತರದ ವಿಷಯದಲ್ಲಿ ಮಾತ್ರ ರಾಜಿ ಅನಿವಾರ್ಯ. ನಮ್ಮ 1,676 ಮಿ.ಮೀ. ಬ್ರಾಡ್ ಗೇಜು ಎಚ್‌ಒದಲ್ಲಿ 19.2 ಮಿ.ಮೀ. ಆಗಬೇಕು, ಮಾರುಕಟ್ಟೆಯ ಹಳಿ ಇರುವುದು 16.5 ಮಿ.ಮೀ. ಹಳಿಯನ್ನೂ ಚಕ್ರದ ಅಚ್ಚುಗಳನ್ನೂ (ಆಕ್ಸಲ್) ಸ್ವಂತವಾಗಿ ಮಾಡಿಕೊಳ್ಳುವ ತಾಳ್ಮೆ ಇಲ್ಲದವರು ಬೋಗಿಯ (ಡಬ್ಬಿಯಲ್ಲ, ಲೋಕೊದ ಅಡಿಯಲ್ಲಿ ಚಕ್ರಗಳನ್ನು ಹಿಡಿದಿಡುವ ಚೌಕಟ್ಟು) ಪಕ್ಕದ ಚೌಕಟ್ಟುಗಳನ್ನು ಸರಿಯಾದ ಅಗಲಕ್ಕೆ ಹೊರಗೆ ಅಂಟಿಸಿ ಸುಮ್ಮನಾಗುವುದೇ ಲೇಸು. ಪಕ್ಕದಿಂದ ನೋಡುವವರಿಗೆ ವ್ಯತ್ಯಾಸ ಕಾಣದು.

ಷಾಸಿಗೆ (ಬಾಡಿಯ ಕೆಳಗಿನ ಚೌಕಟ್ಟಿಗೆ) ಬೇಕಾದದ್ದು ಆಲ್ಕೊ ಕುಲದ ಟ್ರೈಮೌಂಟ್ ಬೋಗಿ. ಇದರ ಮೂರು ಅಚ್ಚುಗಳ ನಡುವಿನ ಅಂತರ ಸಮನಾಗಿಲ್ಲ, ಲೋಕೊದ ನಿಲುವಿಗೆ ಅದೇ ಗುರುತು. ಸಮಾನ ಅಂತರದ ಬೋಗಿಯ ಮೇಲೆ ಎಂಥ ಚೆಂದದ ಬಾಡಿ ಕೂರಿಸಿದರೂ ಅದು ಆಲ್ಕೊ ಅನಿಸುವುದಿಲ್ಲ. ಮಾಡೆಲ್ ಕಂಪನಿ ಅಟ್ಲಾಸ್‌ನ ಆರ್‌ಎಸ್‌ಡಿ-4/5 ಮಾಡೆಲಿನಲ್ಲಿ ಈ ಬಗೆಯ ಬೋಗಿ ಇದೆ. ಹಳೆಯದೊಂದು ಸಿಕ್ಕಿದರೆ ಷಾಸಿಯನ್ನು ಉಳಿಸಿಕೊಂಡು, ಬೋಗಿಗಳ ನಡುವಿನ ಅಂತರವನ್ನು ನಿಮ್ಮ ಲೆಕ್ಕದೊಂದಿಗೆ ತಾಳೆ ನೋಡಿ, ಮೇಲಿನ ಬಾಡಿಯನ್ನು ಸ್ಟೈರೀನ್ ಪ್ಲಾಸ್ಟಿಕ್ ಹಾಳೆಯಿಂದಲೋ ತ್ರೀಡಿ ಪ್ರಿಂಟಿನಿಂದಲೋ ಹೊಸದಾಗಿ ಮಾಡಬಹುದು. ಪ್ರಿಂಟಿನ ಪದರದ ಗೆರೆಗಳನ್ನು 400, 800, 1200 ನಂಬರಿನ ಉಪ್ಪು ಕಾಗದದಿಂದ ಈ ಕ್ರಮದಲ್ಲೇ ನೀರು ಹಾಕಿ ಉಜ್ಜಿ. ಲಾಂಗ್ ಹುಡ್ಡಿನ (ಎಂಜಿನ್ನನ್ನು ಮುಚ್ಚುವ ಉದ್ದ ಭಾಗದ) ಬಾಗಿಲುಗಳ ಕೀಲು, ಚಿಲಕಗಳ ಮೇಲೆ ಮಾತ್ರ ಕೈ ಹಗುರವಾಗಿರಲಿ.

ಕಾರ್ಖಾನೆಯ ಪ್ಲಾಸ್ಟಿಕ್ ಹಿಡಿಕಂಬಿಗಳನ್ನು (ಹ್ಯಾಂಡ್ ರೇಲ್) ನಿರ್ದಾಕ್ಷಿಣ್ಯವಾಗಿ ಕತ್ತರಿಸಿ ತೆಗೆಯಿರಿ. ಅಸಲಿ ಪೈಪು 35 ಮಿ.ಮೀ. ಆಸುಪಾಸಿನದೆಂದು ಹಿಡಿದರೆ ಮಾಡೆಲಿಗೆ 0.4 ಮಿ.ಮೀ. ತಂತಿ ಸಾಕು, 0.7 ಮಿ.ಮೀ. ಪ್ಲಾಸ್ಟಿಕ್ಕು ಎಂದರೆ ಚಾಲಕನ ಮುಷ್ಟಿಗೇ ಸಿಗದ 60 ಮಿ.ಮೀ. ಪೈಪು ಹಾಕಿದಂತೆ. ಹಿತ್ತಾಳೆ ತಂತಿಗಿಂತ ಫಾಸ್ಫರ್ ಬ್ರಾಂಜ್ ತಂತಿ ಗಟ್ಟಿ, ಕೈ ತಗುಲಿದರೆ ಬೇಗ ಸೊಟ್ಟಗಾಗುವುದಿಲ್ಲ. ಒಂದು ಮರದ ತುಂಡಿನ ಮೇಲೆ ಸಣ್ಣ ಮೊಳೆಗಳನ್ನು ಹೊಡೆದು ಅದರ ಸುತ್ತ ಬಗ್ಗಿಸಿದರೆ ಎರಡೂ ಪಕ್ಕದ ಹಿಡಿಕಂಬಿಗಳು ತದ್ರೂಪವಾಗುತ್ತವೆ. ಪಿನ್ ವೈಸಿನಲ್ಲಿ (ಬೆರಳಿನಿಂದ ತಿರುಗಿಸುವ ಪುಟ್ಟ ಡ್ರಿಲ್) 0.45 ಮಿ.ಮೀ. ಬಿಟ್ ಹಾಕಿ ರಂಧ್ರ ಕೊರೆಯುವ ಮೊದಲು ಸೂಜಿಯಿಂದ ಒಂದು ಗುಳಿ ಮಾಡಿಕೊಳ್ಳಿ, ಇಲ್ಲದಿದ್ದರೆ ಬಿಟ್ ಜಾರುತ್ತದೆ. ಅಂಟನ್ನು ಹುಡ್ಡಿನ ಒಳಗಿನಿಂದ ಹಚ್ಚಬೇಕು.

ಬಣ್ಣಕ್ಕೆ ಮೊದಲು ಬಾಡಿಯನ್ನು ಪಾತ್ರೆ ತೊಳೆಯುವ ಸೋಪಿನಲ್ಲಿ ತೊಳೆದು ಒಂದು ರಾತ್ರಿ ಒಣಗಿಸಿ. ನನ್ನ ಮೊದಲ ಲೋಕೊದಲ್ಲಿ ಇದನ್ನು ಬಿಟ್ಟಿದ್ದೆ. ಪಟ್ಟಿಯ ಮಾಸ್ಕಿಂಗ್ ಟೇಪು ಎಳೆದಾಗ ರೇಡಿಯೇಟರಿನಿಂದ ಕ್ಯಾಬಿನವರೆಗಿನ ಬಣ್ಣವೆಲ್ಲ ಬಾಳೆಹಣ್ಣಿನ ಸಿಪ್ಪೆಯಂತೆ ಟೇಪಿನ ಜೊತೆಗೇ ಬಂತು. ಪ್ರೈಮರ್ ಆದ ಮೇಲೆ ತಿಳಿ ಬಣ್ಣ ಮೊದಲು, ಗಾಢ ಬಣ್ಣ ನಂತರ. ಕಡುಗೆಂಪು ಮೈ, ಹಳದಿ ಪಟ್ಟಿಯ ಲೋಕೊವಾದರೆ ಹಳದಿಯನ್ನು ಸಿಂಪಡಿಸಿ, ಟೇಪು ಹಚ್ಚಿ, ಟೇಪಿನ ಅಂಚಿಗೆ ಮತ್ತೊಮ್ಮೆ ತೆಳುವಾಗಿ ಹಳದಿಯನ್ನೇ ಕೊಟ್ಟು, ಆಮೇಲೆ ಕೆಂಪು ಸಿಂಪಡಿಸಿ. ಟೇಪಿನಡಿ ನುಸುಳುವುದೇನಿದ್ದರೂ ಹಳದಿಯೇ ಆಗಿರುವುದರಿಂದ ಅಂಚು ಗೆರೆ ಎಳೆದಂತೆ ಬರುತ್ತದೆ. ಬಿಸಿಲಿಗೆ ಮಾಸಿದ ಕೆಂಪು ಬೇಕೆಂದು ಬಿಳಿ ಬೆರೆಸಿದರೆ ಗುಲಾಬಿಯಾಗುತ್ತದೆ, ಅದರ ಬದಲು ಸ್ವಲ್ಪ ಕೆನೆ ಬಣ್ಣ ಬೆರೆಸಿ.

ಅಕ್ಷರಗಳಲ್ಲಿ ತಪ್ಪುವವರೇ ಹೆಚ್ಚು. ತೊಂಬತ್ತರ ದಶಕದ ಕೃಷ್ಣರಾಜಪುರಂ ಶೆಡ್ಡಿನ ಲೋಕೊ ಒಂದರ ಮೇಲೆ ನಾನು ನೈಋತ್ಯ ರೈಲ್ವೆಯ ಸಂಕೇತ ಅಂಟಿಸಿದ್ದೆ. ಮನೆಗೆ ಬಂದ ನಿವೃತ್ತ ಲೋಕೊ ಪೈಲಟ್ ಒಬ್ಬರು ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ‘ಆಗ ನಾವು ದಕ್ಷಿಣ ರೈಲ್ವೆಯಲ್ಲಿದ್ದೆವಲ್ಲ’ ಎಂದಷ್ಟೇ ಹೇಳಿದರು. ಹುಬ್ಬಳ್ಳಿ ಕೇಂದ್ರವಾಗಿ ನೈಋತ್ಯ ರೈಲ್ವೆ ಕೆಲಸ ಆರಂಭಿಸಿದ್ದು 2003ರಲ್ಲಿ. ಅದಕ್ಕೆ ಮೊದಲು ಬೆಂಗಳೂರು ದಕ್ಷಿಣ ರೈಲ್ವೆಗೂ ಹುಬ್ಬಳ್ಳಿ ದಕ್ಷಿಣ ಮಧ್ಯ ರೈಲ್ವೆಗೂ ಸೇರಿದ್ದವು. ಹಾಗೆಯೇ ನಂಬರಿನ ಕೊನೆಯಲ್ಲಿ ‘ಆರ್’ ಅಕ್ಷರವಿದ್ದರೆ ಅದು ಪುನರ್ನಿರ್ಮಾಣಗೊಂಡ ಲೋಕೊ. ಅಂಥವುಗಳಲ್ಲಿ ಎಷ್ಟೋ 3100 ಅಶ್ವಶಕ್ತಿಯ ಡಬ್ಲ್ಯುಡಿಎಂ-3ಎ ಆಗಿ ಹೊರಬಂದವು. ಡೆಕಾಲನ್ನು (ಅಕ್ಷರ, ಚಿಹ್ನೆಗಳನ್ನು ಮುದ್ರಿಸಿ ಅಂಟಿಸುವ ತೆಳು ಪದರ) ಮನೆಯ ಪ್ರಿಂಟರಿನಲ್ಲಿ ಮುದ್ರಿಸಬಹುದು, ಆದರೆ ಅದು ಬಿಳಿ ಮತ್ತು ಹಳದಿಯನ್ನು ಗಾಢ ಮೈಮೇಲೆ ಎದ್ದುಕಾಣುವಂತೆ ಮುದ್ರಿಸಲಾರದು. ಆ ಅಕ್ಷರಗಳನ್ನು ಬಿಳಿ ಡೆಕಾಲ್ ಕಾಗದದ ಮೇಲೆ ಸುತ್ತಲೂ ಮೈಬಣ್ಣವನ್ನೇ ತುಂಬಿ ಮುದ್ರಿಸಬೇಕಾಗುತ್ತದೆ. ಹೊಳಪು ವಾರ್ನಿಷ್ ಕೊಟ್ಟ ಮೇಲೆಯೇ ಡೆಕಾಲ್ ಅಂಟಿಸಿ. ಒರಟು ಮೈಮೇಲೆ ಅಂಟಿಸಿದರೆ ಅಡಿಯಲ್ಲಿ ಗಾಳಿ ಸೇರಿ ಬೆಳ್ಳಿಯಂತೆ ಮಿನುಗುತ್ತದೆ.

ಕೊನೆಗೆ ಮಸಿ, ಧೂಳು. ಆಲ್ಕೊ ಎಂಜಿನ್ ಹೊಗೆ ಉಗುಳುವುದರಲ್ಲಿ ಹೆಸರುವಾಸಿ, ಹಾಗಾಗಿ ಲಾಂಗ್ ಹುಡ್ಡಿನ ಮೇಲೆ ಚಿಮಣಿಯ ಸುತ್ತ ಕಪ್ಪು ದಟ್ಟವಾಗಿದ್ದು ದೂರ ಹೋದಂತೆ ತೆಳುವಾಗಬೇಕು. ಅಪ್ಪಟ ಕಪ್ಪು ಬೇಡ, ಕಂದು ಬೆರೆತ ಕಪ್ಪು ಇರಲಿ. ಬೋಗಿಗಳಿಗೆ ಬ್ರೇಕಿನ ಕಬ್ಬಿಣದ ಪುಡಿಯ ಕಂದು, ಇಂಧನ ತೊಟ್ಟಿಯ ಮುಚ್ಚಳದ ಕೆಳಗೆ ಡೀಸೆಲ್ ಸೋರಿದ ಹೊಳಪಿನ ಒಂದು ಗೆರೆ. ಕ್ಯಾಬಿನ ಗಾಜಿಗೆ ಧೂಳಿನ ಬಣ್ಣ ಸಿಂಪಡಿಸುವ ಮೊದಲು ವೈಪರ್ ಓಡಾಡುವಷ್ಟು ಜಾಗಕ್ಕೆ ಬೀಸಣಿಗೆಯಾಕಾರದ ಟೇಪು ಹಚ್ಚಿ. ಮಂದ ವಾರ್ನಿಷ್ ಒಣಗಿದ ಮೇಲೆ ಚಿಮಟದಿಂದ ಆ ಟೇಪನ್ನು ಎತ್ತಿದರೆ, ಮಬ್ಬು ಗಾಜಿನ ನಡುವೆ ವೈಪರ್ ಒರೆಸಿದಷ್ಟು ಜಾಗ ಮಾತ್ರ ಸ್ವಚ್ಛವಾಗಿ ಉಳಿದಿರುತ್ತದೆ.