ಕರಿಬೇವಿನ ಕುಂಡದ ಪಕ್ಕ ಹಳೆಯ ಚಿಟ್ಟೆ ಚಿತ್ರ

ಹಳೆಯ ಚಿಟ್ಟೆ ಚಿತ್ರಗಳನ್ನು ನಕಲು ಮಾಡಲು ಶುರು ಮಾಡಿ ಆರು ವರ್ಷ ಆಯಿತು. ಅದಕ್ಕೆ ಮುಂಚೆ ಮೈಸೂರು ಶೈಲಿಯ ದೇವರ ಚಿತ್ರ ಬರೆಯುತ್ತಿದ್ದೆ, ಈಗಲೂ ಬರೆಯುತ್ತೇನೆ. ಸಣ್ಣ ಗೆರೆ ಎಳೆದು ಅಭ್ಯಾಸ ಇತ್ತಲ್ಲ, ಚಿಟ್ಟೆ ಸಲೀಸು ಅಂದುಕೊಂಡಿದ್ದೆ. ಗೆರೆ ಬಂತು. ಬಣ್ಣ ಕೈಕೊಟ್ಟಿತು.

ಇನ್ನೂರು ಮುನ್ನೂರು ವರ್ಷ ಹಳೆಯ ಪುಸ್ತಕಗಳ ಸ್ಕ್ಯಾನ್ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಎಂಬ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ನಾನು ಮೊದಲು ಹಿಡಿದದ್ದು ಪೀಟರ್ ಕ್ರಾಮರ್ ಪುಸ್ತಕ. ಅವರು ಆಮ್‌ಸ್ಟರ್‌ಡ್ಯಾಮಿನ ಉಣ್ಣೆ ವ್ಯಾಪಾರಿ. ದೂರದೇಶಗಳಿಂದ ಬಂದ ಚಿಟ್ಟೆಗಳನ್ನು ಕೂಡಿಹಾಕಿ, ಗೆರಿಟ್ ವಾರ್ಟೆನಾರ್ ಎಂಬ ಕಲಾವಿದರ ಕೈಲಿ ಬರೆಸಿ, 1775ರಿಂದ ಕಂತು ಕಂತಾಗಿ ಅಚ್ಚು ಹಾಕಿಸಲು ತೊಡಗಿದರು. ನಮ್ಮ ರಾಜ್ಯದ ಚಿಟ್ಟೆ ಸದರ್ನ್ ಬರ್ಡ್‌ವಿಂಗ್‌ಗೆ ವಿಜ್ಞಾನದ ಹೆಸರು ಬಂದದ್ದೂ ಇದೇ ಪುಸ್ತಕದಿಂದ, 1779ರಲ್ಲಿ. ಇದರಲ್ಲಿ ಚಿಟ್ಟೆಗಳು ನಿಜವಾದ ಅಳತೆಯಲ್ಲಿವೆ. ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡೂ ಇವೆ. ಹಾಗಾಗಿ ನಕಲು ಮಾಡುವವರು ಪ್ರಿಂಟ್ ತೆಗೆಯುವಾಗಲೇ ಅಳತೆ ಸರಿ ಮಾಡಿಕೊಳ್ಳಿ. ದೊಡ್ಡದು ಮಾಡಿ ಬರೆದರೆ ಬ್ರಷ್ಷಿನ ಲೆಕ್ಕವೇ ತಪ್ಪುತ್ತದೆ.

ಪ್ರಿಂಟನ್ನು ಕಿಟಕಿ ಗಾಜಿಗೆ ಅಂಟಿಸಿ, ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು, 2ಎಚ್ ಪೆನ್ಸಿಲ್‌ನಲ್ಲಿ ಎಳೆಯುತ್ತೇನೆ. ರೆಕ್ಕೆಯ ನರಗಳು ಮೊದಲು, ಅಂಚು ಆಮೇಲೆ. ನರ ತಪ್ಪಿದರೆ ಚುಕ್ಕೆಗಳೆಲ್ಲ ಜಾಗ ಬಿಡುತ್ತವೆ. ಹಳದಿಗೆ ರೇವಲ್‌ಚಿನ್ನಿ ಹಾಲು, ಅಂದರೆ ಒಂದು ಮರದ ಹಳದಿ ಅಂಟು. ನಮ್ಮ ಮೈಸೂರು ಶೈಲಿಯಲ್ಲಿ ಚಿನ್ನದ ರೇಕಿನ ಕೆಳಗೆ ಹಾಕುವ ಗೆಸ್ಸೊ ಎಂಬ ಉಬ್ಬು ಲೇಪಕ್ಕೆ ಬಳಸುತ್ತೇವಲ್ಲ, ಅದೇ. ಯುರೋಪಿನ ಬಣ್ಣಗಾರರು ಅದನ್ನೇ ಗ್ಯಾಂಬೋಜ್ ಅಂತ ಬಳಸುತ್ತಿದ್ದರು ಅಂತ ತಿಳಿದ ದಿನ ತುಂಬಾ ಖುಷಿಯಾಯಿತು. ಅದು ವಿಷ. ಬ್ರಷ್ಷನ್ನು ಬಾಯಲ್ಲಿ ಚೂಪು ಮಾಡುವ ಅಭ್ಯಾಸ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಕಪ್ಪನ್ನು ಟ್ಯೂಬಿನಿಂದ ಹಾಕಬೇಡಿ, ರೆಕ್ಕೆ ಸತ್ತಂತೆ ಕಾಣುತ್ತದೆ. ನೀಲಿ ಮತ್ತು ಕೆಂಗಂದು ಸೇರಿಸಿ ನಾಲ್ಕೈದು ತೆಳು ಪದರ ಹಾಕಿ, ಪ್ರತಿ ಪದರವೂ ಪೂರ್ತಿ ಒಣಗಬೇಕು, ಕೊನೆಗೆ ಮಿರುಗು ಬೇಕಾದ ಕಡೆ ಮಾತ್ರ ನೀರು ಬೆರೆಸಿದ ಗೋಂದನ್ನು ಒಂದು ಕೈ ಎಳೆಯಿರಿ. ಕೆಂಪು, ಹಳದಿ, ನೀಲಿ ಸೇರಿದರೆ ಕಪ್ಪು ಬರುತ್ತದೆ ಅಂತ ಬಣ್ಣದ ಚಕ್ರ ಬರೆದು ತೋರಿಸಿದ ಮೋಸೆಸ್ ಹ್ಯಾರಿಸ್, 1766ರಲ್ಲಿ ಇಂಗ್ಲೆಂಡಿನ ಚಿಟ್ಟೆಗಳ ಪುಸ್ತಕ ತಂದವರೇ. ಚಿಟ್ಟೆ ಬರೆದೂ ಬರೆದೂ ಅದು ಹೊಳೆದಿರಬೇಕು ಅಂತ ನನಗನ್ನಿಸುತ್ತದೆ.

ಇನ್ನು ನಾನು ತಪ್ಪಿದ ಕಥೆ. ಹಳೆಯ ಪ್ಲೇಟುಗಳಲ್ಲಿ, ಅಂದರೆ ಅಚ್ಚು ಹಾಕಿ ಕೈಯಲ್ಲಿ ಬಣ್ಣ ಹಚ್ಚಿದ ಚಿತ್ರದ ಹಾಳೆಗಳಲ್ಲಿ, ಕೆಲವೊಮ್ಮೆ ಬಿಳಿ ಇರಬೇಕಾದ ಕಡೆ ಬೂದುಗಪ್ಪು ಕಲೆ ಇರುತ್ತದೆ. ಸೀಸದ ಬಿಳಿ ಬಣ್ಣ ಗಾಳಿಯಲ್ಲಿರುವ ಗಂಧಕದ ಜೊತೆ ಸೇರಿ ಕಪ್ಪಾಗುತ್ತದೆ. ಗೊತ್ತಿಲ್ಲದೆ ಆ ಕಲೆಯನ್ನೂ ಎಷ್ಟೋ ಸಲ ನಕಲು ಮಾಡಿದ್ದೆ. ಗೊತ್ತಾದ ಮೇಲೆ ಪ್ಲೇಟಿನ ಮೇಲೆ ಅನುಮಾನ ಜಾಸ್ತಿಯಾಯಿತು. ಅದೇ ಹೊತ್ತಿಗೆ ಕೈಗೆ ಬಂದ 19ನೇ ಶತಮಾನದ ಒಂದು ಪ್ಲೇಟಿನಲ್ಲಿ ಕಪ್ಪು ರೆಕ್ಕೆ, ಮುಂದಿನ ರೆಕ್ಕೆಯಲ್ಲಿ ಬಿಳಿ ಪಟ್ಟೆ, ಹಿಂದಿನದರಲ್ಲಿ ಕೆಂಪು ಚುಕ್ಕೆ. ನೋಡಿದ ಕೂಡಲೇ ಕ್ರಿಮ್ಸನ್ ರೋಸ್ ಚಿಟ್ಟೆ ಅಂದುಕೊಂಡೆ. ಮೈಸೂರಿನಲ್ಲಿ ಅದನ್ನು ದಿನಾ ನೋಡುತ್ತೇವೆ, ಮೈ ಕೆಂಪಗಿರುತ್ತದೆ. ಪ್ಲೇಟಿನಲ್ಲಿ ಮೈ ಕಪ್ಪು. ಸೀಸದಿಂದ ಮಾಡಿದ ಕೆಂಪೂ ಕಪ್ಪಾಗುತ್ತದಲ್ಲ, ಹಾಗೇ ಆಗಿರಬೇಕು ಅಂತ ನಾನೇ ಕೆಂಪು ಹಚ್ಚಿದೆ.

ಆ ವರ್ಷ ಮಳೆಗಾಲದಲ್ಲಿ ಕುವೆಂಪುನಗರದ ನಮ್ಮ ಮನೆ ಟೆರೇಸಿನ ಕರಿಬೇವಿಗೆ ಹುಳ ಹತ್ತಿತು. ಮೊದಲು ಹಕ್ಕಿ ಹಿಕ್ಕೆಯ ಹಾಗೆ, ಆಮೇಲೆ ಹಸಿರು. ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪು ಕೊಂಬು ಚಾಚಿ ಗಮ್ಮಂತ ವಾಸನೆ ಬಿಡುತ್ತವೆ. "ಒಗ್ಗರಣೆಗೆ ಒಂದು ಎಸಳು ಉಳಿಸು ಅಂತಾದರೂ ಹೇಳು ಅವಕ್ಕೆ" ಅಂದರು ಅಮ್ಮ. ಏಳು ಹುಳ ಇದ್ದವು, ಸೊಳ್ಳೆ ಪರದೆ ಕಟ್ಟಿದೆ. ಮೂರು ಸತ್ತವು. ಉಳಿದ ನಾಲ್ಕು ಕಡ್ಡಿಗೆ ನೂಲು ಬಿಗಿದುಕೊಂಡು ಕೋಶ ಕಟ್ಟಿದವು. ಹತ್ತು ಹನ್ನೊಂದು ದಿನದ ಮೇಲೆ ಒಂದು ಬೆಳಿಗ್ಗೆ ಎರಡು ಗಂಡು ಕಾಮನ್ ಮಾರ್ಮನ್ ಚಿಟ್ಟೆ ಹೊರಬಂದವು, ಕಪ್ಪು ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆ ಸಾಲು. ಮಾರನೆಯ ದಿನ ಒಂದು ಹೆಣ್ಣು. ರೆಕ್ಕೆ ಇನ್ನೂ ಒದ್ದೆ. ಬಿಳಿ ಪಟ್ಟೆ, ಕೆಂಪು ಚುಕ್ಕೆ, ಥೇಟ್ ನನ್ನ ಮೇಜಿನ ಮೇಲಿನ ಪ್ಲೇಟು. ಮೈ ಕಪ್ಪು.

ಓಡಿ ಹೋಗಿ ನನ್ನ ನಕಲನ್ನು ತಂದು ಕುಂಡದ ಪಕ್ಕ ಹಿಡಿದೆ. ಆ ಕಾಲದ ಬಣ್ಣಗಾರ ಸರಿಯಾಗಿಯೇ ಹಚ್ಚಿದ್ದ. ತಪ್ಪು ಹಚ್ಚಿದ್ದು ನಾನು.

ಕ್ರಿಮ್ಸನ್ ರೋಸ್ ಹುಳ ಈಶ್ವರಿ ಬಳ್ಳಿ ತಿಂದು ವಿಷ ತುಂಬಿಕೊಳ್ಳುತ್ತದೆ, ಹಕ್ಕಿಗಳು ಅದನ್ನು ಬಿಟ್ಟುಬಿಡುತ್ತವೆ. ಕಾಮನ್ ಮಾರ್ಮನ್‌ನ ಕೆಲವು ಹೆಣ್ಣುಗಳು ಅದೇ ವೇಷ ಹಾಕುತ್ತವೆ, ಮೈ ಬಣ್ಣ ಮಾತ್ರ ತರಲಾಗಿಲ್ಲ. ಈ ಹೆಣ್ಣನ್ನೇ ಬೇರೆ ಜಾತಿ ಅಂದುಕೊಂಡು ಕ್ರಾಮರ್ 1775ರಲ್ಲಿ ರೋಮ್ಯುಲಸ್ ಅಂತ ಹೆಸರಿಟ್ಟರು. ಇಂಥ ಹೆಣ್ಣುಗಳೆಲ್ಲ ಒಂದೇ ಜಾತಿಯ ಬೇರೆ ಬೇರೆ ರೂಪ ಅಂತ ಜೀವವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೆಸ್ 1865ರಲ್ಲಿ ಬಿಡಿಸಿ ಬರೆದರು. ಒಣಗಿದ ಚಿಟ್ಟೆ ಮಾತ್ರ ಮುಂದಿದ್ದರೆ ಯಾರಿಗಾದರೂ ತಪ್ಪುತ್ತದೆ, ಅಲ್ವಾ? ಕ್ರಾಮರ್ ಪ್ಲೇಟುಗಳಲ್ಲಿ ಎಲೆ ಇಲ್ಲ, ಹುಳ ಇಲ್ಲ. ಕಾರಂಜಿ ಕೆರೆ ಹತ್ತಿರ ಒಂದು ಗಂಟೆ ಕೂತು ನೋಡಿ, ಸೂಜಿ ಚುಚ್ಚಿದ ಹಾಗೆ ರೆಕ್ಕೆ ಎಳೆದುಕೊಂಡು ಯಾವ ಚಿಟ್ಟೆಯೂ ಕೂರುವುದಿಲ್ಲ.

ಆಮೇಲೆ ನಾನು ಹುಡುಕಿ ಹೋದದ್ದು ಹುಳು ಸಾಕಿ ಬರೆದವರನ್ನು. ಚಿತ್ರಗಾರ್ತಿ ಮರಿಯಾ ಸಿಬಿಲಾ ಮೇರಿಯನ್ 1699ರಲ್ಲಿ, 52ನೇ ವಯಸ್ಸಿನಲ್ಲಿ, ಮಗಳ ಜೊತೆ ದಕ್ಷಿಣ ಅಮೆರಿಕದ ಸುರಿನಾಮ್‌ಗೆ ಹೋಗಿ, 1705ರಲ್ಲಿ 60 ಪ್ಲೇಟುಗಳ ಪುಸ್ತಕ ತಂದರು. ಗಿಡ, ಹುಳ, ಕೋಶ, ಚಿಟ್ಟೆ ಒಂದೇ ಹಾಳೆಯಲ್ಲಿ. ನನಗೆ ಇನ್ನೂ ಹತ್ತಿರದವರು ಶ್ರೀಲಂಕಾದ ಪೇರಾದೆನಿಯ ಸಸ್ಯತೋಟದಲ್ಲಿ ಬರೆಯುತ್ತಿದ್ದ ಡಿ ಅಲ್ವಿಸ್ ಅಣ್ಣತಮ್ಮಂದಿರು, ವಿಲಿಯಂ ಮತ್ತು ಜಾರ್ಜ್. 1880ರಿಂದ 1887ರವರೆಗೆ ಬಂದ, ಶ್ರೀಲಂಕಾದ ಚಿಟ್ಟೆ-ಪತಂಗಗಳ ಬಗೆಗಿನ ಫ್ರೆಡರಿಕ್ ಮೂರ್ ಪುಸ್ತಕದ ಹಿಂದೆ ಅವರ ಕೈ ಇದೆ. ಅಲ್ಲಿನ ಎಷ್ಟೋ ಚಿಟ್ಟೆ ನಮ್ಮ ಹಿತ್ತಲಲ್ಲೂ ಹಾರುತ್ತದೆ. ಮುಖಪುಟದಲ್ಲಿ ಮೂರ್ ಹೆಸರು ದೊಡ್ಡದಾಗಿದೆ, ಆದರೆ ನಾನು ಅದನ್ನು ತೆರೆಯುವುದು ಈ ಇಬ್ಬರಿಗಾಗಿ.

ಈಗ ನಾನು ಮಾಡುವ ಕ್ರಮ ಹೀಗೆ. ಪ್ಲೇಟನ್ನು ಒಮ್ಮೆ ಇದ್ದ ಹಾಗೇ ನಕಲು ಮಾಡುತ್ತೇನೆ, ಏನನ್ನೂ ತಿದ್ದುವುದಿಲ್ಲ. ಆಮೇಲೆ ಅದೇ ಚಿಟ್ಟೆಯ ಹುಳ ಸಾಕುತ್ತೇನೆ. ಕೋಶ ಕಪ್ಪಾದ ರಾತ್ರಿಯೇ ಪೇಪರ್ ಬಿಗಿದು, ಬಣ್ಣ ಕಲಸಿ ಇಡುತ್ತೇನೆ. ಹೊರಬಂದ ಚಿಟ್ಟೆ ರೆಕ್ಕೆ ಗಟ್ಟಿಯಾಗುವವರೆಗೆ ಒಂದೆರಡು ಗಂಟೆ ಅಲ್ಲೇ ತೂಗಾಡುತ್ತದೆ. ಅಷ್ಟರಲ್ಲಿ ಮೈಯ ಬಣ್ಣ, ರೆಕ್ಕೆ ಬುಡದ ಬಣ್ಣ ಮುಗಿಸಬೇಕು. ಉಳಿದದ್ದನ್ನು ಫೋಟೊ ನೋಡಿ ಬರೆಯಬಹುದು. ಹಾರಿದರೆ ಹಾರಲಿ, ಹಿಡಿದಿಡುವುದಿಲ್ಲ.

ರೋಮ್ಯುಲಸ್ ಹೆಣ್ಣಿನ ಹಾಳೆ ಕರಿಬೇವಿನ ಸಮೇತ ಮುಗಿದಿದೆ. ಪಕ್ಕದಲ್ಲಿ ಇಡಲು ನಿಜವಾದ ಕ್ರಿಮ್ಸನ್ ರೋಸ್ ಬೇಕು. ನಂಜನಗೂಡು ಕಡೆಯ ಸ್ನೇಹಿತರು ಈಶ್ವರಿ ಬಳ್ಳಿಯ ಸಸಿ ಕೊಟ್ಟಿದ್ದಾರೆ, ಕುಂಡದಲ್ಲಿ ಚಿಗುರಿ ಆರು ಎಲೆ ಬಿಟ್ಟಿದೆ. ಮೊಟ್ಟೆ ಇನ್ನೂ ಬಂದಿಲ್ಲ, ದಿನಾ ಬೆಳಿಗ್ಗೆ ಎಲೆ ತಿರುಗಿಸಿ ನೋಡುತ್ತಿದ್ದೇನೆ.