ಮೀನಿನ ಬಿಸ್ಕತ್ತು ಕಾಗದದಲ್ಲಿ ಕಟ್ಟುವುದು ಹೇಗೆ?

ಕುಂಬಳೆಯ ನಮ್ಮ ಮನೆಯಲ್ಲಿ ನಾಯಿ, ಬೆಕ್ಕುಗಳಿಗೆ ಮೀನಿನ ಬಿಸ್ಕತ್ತು ಮಾಡಿ ಆಸುಪಾಸಿನವರಿಗೆ ಮಾರುತ್ತೇನೆ. ಪ್ಲಾಸ್ಟಿಕ್ ಇಲ್ಲದೆ ಹೇಗೆ ಕಟ್ಟುತ್ತೀರಿ ಅಂತ ಸುಮಾರು ಜನ ಕೇಳುತ್ತಾರೆ. ಕಟ್ಟುವ ಕೆಲಸ ಅಡುಗೆಮನೆಯಲ್ಲೇ ಶುರು. ತಿಂಡಿ ಸರಿಯಾಗಿ ಒಣಗಿದ್ದರೆ ಕಾಗದ ಸಾಕು. ಒಣಗದಿದ್ದರೆ ಎಂಥಾ ಪ್ಯಾಕೆಟ್ ತಂದರೂ ಉಳಿಯುವುದಿಲ್ಲ.

ಬೇಯಿಸಿ ಮುಳ್ಳು ತೆಗೆದ ಮೀನು, ಕುಚ್ಚಲಕ್ಕಿ ಹಿಟ್ಟು, ಬೆಂದ ಸಿಹಿಗುಂಬಳ, ಇಷ್ಟೇ. ಉಪ್ಪು, ಎಣ್ಣೆ, ಈರುಳ್ಳಿ ಬೇಡವೇ ಬೇಡ. ಬೂತಾಯಿ ಅಗ್ಗಕ್ಕೆ ಸಿಗುತ್ತದೆ, ಆದರೆ ಅದರಲ್ಲಿ ಕೊಬ್ಬು ಜಾಸ್ತಿ. ಗಾಳಿ ತಾಗಿದರೆ ಕಮಟು ವಾಸನೆ ಬರುತ್ತದೆ, ಕಾಗದಕ್ಕೂ ಜಿಡ್ಡು ಇಳಿಯುತ್ತದೆ. ನಂಗ್‌ನಂಥ ಜಿಡ್ಡು ಕಡಿಮೆ ಇರುವ ಮೀನು ಒಳ್ಳೆಯದು. ತೆಳ್ಳಗೆ ಲಟ್ಟಿಸಿ, ಓವನ್‌ನಲ್ಲಿ ಬೇಯಿಸಿ, ಆಮೇಲೆ ಕಡಿಮೆ ಬಿಸಿಯಲ್ಲಿ ಇನ್ನಷ್ಟು ಹೊತ್ತು ಒಣಗಿಸಿ. ಮುರಿದರೆ ಹಪ್ಪಳದ ಹಾಗೆ ಟಪ್ ಅನ್ನಬೇಕು. ಬಾಗಿದರೆ, ನಡುವೆ ಮೆತ್ತಗಿದ್ದರೆ, ಮತ್ತೆ ಒಳಗಿಡಿ. ಪೂರ್ತಿ ಆರುವ ತನಕ ಕಟ್ಟಬೇಡಿ. ಬಿಸಿ ಇದ್ದಾಗ ಕಟ್ಟಿದರೆ ಒಳಗೇ ಹಬೆ ಕೂತು ಬೂಸ್ಟು ಬರುತ್ತದೆ. ಕೆಲವು ಬೂಸ್ಟಿನ ವಿಷ ನಾಯಿಯ ಲಿವರ್ ಕೆಡಿಸುತ್ತದೆ, ಮತ್ತೆ ಕಾಯಿಸಿದರೂ ಅದು ಹೋಗುವುದಿಲ್ಲ.

ಈಗ ಕಾಗದ. ಎರಡು ಬಿಸ್ಕತ್ತನ್ನು ಖಾಕಿ ಕಾಗದದ ಮೇಲೆ ಒಂದು ರಾತ್ರಿ ಇಡಿ. ಬೆಳಿಗ್ಗೆ ಹಿಂಬದಿಗೆ ಜಿಡ್ಡಿನ ಕಲೆ ಮೂಡಿದ್ದರೆ ಆ ಸಲದ್ದನ್ನು ಡಬ್ಬಕ್ಕೆ ಹಾಕಿ, ಕಾಗದದಲ್ಲಿ ಕಟ್ಟಬೇಡಿ. ಪೇಟೆಯಲ್ಲಿ ಖಾಕಿ ಬಣ್ಣದ ಚಂದದ ಪೌಚು ಸಿಗುತ್ತದಲ್ವಾ, ಅದರ ಮೂಲೆ ಹರಿದು ನೋಡಿ. ಕಾಗದ ಹರಿದ ಮೇಲೂ ಒಳಗೆ ತೆಳ್ಳಗಿನ ಹಾಳೆಯೊಂದು ಎಳೆದುಕೊಂಡು ಬಂದರೆ ಅದು ಪ್ಲಾಸ್ಟಿಕ್. ಹೊಳೆಯುತ್ತಿದ್ದರೆ ಅಲ್ಯೂಮಿನಿಯಂ ಕೂಡ ಸೇರಿರಬಹುದು. ಹೀಗೆ ಅಂಟಿಸಿದ ಪದರ ಬಿಡಿಸುವುದು ಕಷ್ಟ, ಗುಜರಿಯವರೂ ಮುಟ್ಟುವುದಿಲ್ಲ. ಹಳೆ ಪೇಪರೂ ಬೇಡ. ಮನುಷ್ಯರ ತಿಂಡಿಯನ್ನು ಅದರಲ್ಲಿ ಕಟ್ಟಬಾರದು ಅಂತ ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ಹೇಳಿದ್ದು ಶಾಯಿಯ ಕಾರಣಕ್ಕೆ. ನಾಯಿ ಹೊಟ್ಟೆಗೂ ಅದೇ ಶಾಯಿ ತಾನೇ ಹೋಗುವುದು?

ಪೊಟ್ಟಣವನ್ನು ಮೈದಾ ಗೋಂದಿನಲ್ಲಿ ಅಂಟಿಸಿ. ಬಾಯಿಯನ್ನು ಮೂರು ಸಲ ಮಡಚಿ ತುದಿಯನ್ನು ಒಳಗೆ ಸಿಕ್ಕಿಸಿ. ಪಿನ್ ಹೊಡೆಯಬೇಡಿ. ದಾರವನ್ನೂ ಕಟ್ಟಬೇಡಿ, ಬಾಳೆನಾರು ಆದರೂ ಅಷ್ಟೆ. ನಾವು ಬಿಚ್ಚುವ ಮೊದಲೇ ನಾಯಿ ಪೊಟ್ಟಣ ಹರಿದು ತಿನ್ನುತ್ತದೆ. ಬೆಕ್ಕು ದಾರ ನುಂಗಿದರೆ ಕರುಳಿಗೆ ಸಿಕ್ಕಿಕೊಂಡು ಜೀವಕ್ಕೇ ಅಪಾಯ. ಮಾಡಿದ ದಿನ, ಏನೇನು ಹಾಕಿದೆ, ಎರಡನ್ನೂ ಹೊರಗೆ ಬರೆಯಿರಿ.

ಅಡಿಕೆ ಹಾಳೆ ಇದೆಯಲ್ಲ ಅನ್ನುತ್ತಾರೆ ತೋಟದವರು. ನಿಜ, ನಮ್ಮ ಕಾಸರಗೋಡಿನಲ್ಲಿ ಹಾಳೆಗೆ ಬರವಿಲ್ಲ. ನೀರಲ್ಲಿ ನೆನೆಸಿದರೆ ಹೇಳಿದ ಹಾಗೆ ಬಾಗುತ್ತದೆ, ಒಣಗಿದ ಮೇಲೆ ಗಟ್ಟಿ ಪೆಟ್ಟಿಗೆ. ಆದರೂ ತಿಂಡಿಗೆ ನೇರ ತಾಗುವ ಹಾಗೆ ನಾನು ಬಳಸುವುದಿಲ್ಲ. ಅಡಿಕೆಯಲ್ಲಿರುವ ಅರೆಕೊಲಿನ್ ಅನ್ನು ಹಿಂದೆ ನಾಯಿಗಳ ಲಾಡಿಹುಳಕ್ಕೆ ಮದ್ದಾಗಿ ಕೊಡುತ್ತಿದ್ದರು. ಜೊಲ್ಲು, ವಾಂತಿ, ಭೇದಿ ಬರಿಸುವ ಮದ್ದು ಅದು. 2025ರಲ್ಲಿ ಅಮೆರಿಕದ ಆಹಾರ, ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇಂಥ ಅಂಶಗಳು ಹಾಳೆ ತಟ್ಟೆಯಿಂದ ಆಹಾರಕ್ಕೆ ಇಳಿಯಬಹುದು ಅಂತ ಎಚ್ಚರಿಸಿತು. ನಾವು ತಟ್ಟೆಯಲ್ಲಿ ಉಂಡು ಎದ್ದು ಹೋಗುತ್ತೇವೆ. ನಾಯಿ ಹಾಳೆಯನ್ನೇ ಜಗಿಯುತ್ತದೆ! ಹಾಗಾಗಿ ಹತ್ತಾರು ಪೊಟ್ಟಣ ಒಟ್ಟಿಗೆ ಅಂಗಡಿಗೆ ಕೊಂಡುಹೋಗುವಾಗ ಮಾತ್ರ ಹಾಳೆಯ ಪೆಟ್ಟಿಗೆ, ಖಾಲಿ ಮಾಡಿ ವಾಪಸು ತರುತ್ತೇನೆ.

ಜೂನ್ ಬಂತೆಂದರೆ ಕಾಗದ ಬಂದ್. ನಮ್ಮ ಮಳೆಗಾಲದ ಗಾಳಿಯಲ್ಲಿ ಕಾಗದವೇ ಮೆತ್ತಗಾಗುತ್ತದೆ. ಆಗ ಬಿಗಿ ಮುಚ್ಚಳದ ಸ್ಟೀಲ್ ಡಬ್ಬ. ಡಬ್ಬಕ್ಕೆ ಮುಂಗಡ ಇಟ್ಟುಕೊಂಡು ಕೊಡಿ, ಡಬ್ಬ ಬಂದಾಗ ವಾಪಸು ಮಾಡಿ. ಹಳೆ ಪುಡಿಯ ಮೇಲೆ ಹೊಸದನ್ನು ಸುರಿಯಬೇಡಿ, ಕಮಟು ಹೊಸದಕ್ಕೂ ಹತ್ತುತ್ತದೆ. ತೊಳೆದು, ಓವನ್ ಆರುವಾಗ ಅದರ ಬಿಸಿಗಿಟ್ಟು, ಒಂದು ಹನಿಯೂ ಇಲ್ಲದ ಹಾಗೆ ಒಣಗಿಸಿ.

ಮೆಕ್ಕೆಜೋಳದಿಂದ ಮಾಡಿದ, ಗೊಬ್ಬರ ಆಗುವ ಕವರು ಅಂತ ಮಾರುವವರಿದ್ದಾರೆ. ಪಿಎಲ್‌ಎ ಅನ್ನುವ ಈ ಕವರು ಕರಗಲು ಸುಮಾರು 60 ಡಿಗ್ರಿ ಬಿಸಿ ಇರುವ ದೊಡ್ಡ ಗೊಬ್ಬರ ಘಟಕ ಬೇಕು. ಹಿತ್ತಲಿನ ಗುಂಡಿಯಲ್ಲಿ ಹಾಗೇ ಬಿದ್ದಿರುತ್ತದೆ.

ಕೊಚ್ಚಿಗೋ ಬೆಂಗಳೂರಿಗೋ ಕೊರಿಯರ್ ಮಾಡುವುದಾದರೆ ಪ್ಲಾಸ್ಟಿಕ್ ಬೇಕಾಗಬಹುದು. ಆಗ ಪದರ ಪದರದ್ದು ಬಿಟ್ಟು ಬರೀ ಪಾಲಿಥೀನಿನ ಪೌಚು ತನ್ನಿ, ಅದನ್ನು ಮರುಬಳಕೆಗೆ ಕಳಿಸಬಹುದು. ಇಲ್ಲಿ ನಿಮಗೇ ಅಂಥ ಪಾರ್ಸೆಲ್ ಬಂದರೆ ಸೋಗೆ ಜೊತೆ ಸುಡಬೇಡಿ. ಸೋಪು ಹಾಕಿ ತೊಳೆದು, ಒಣಗಿಸಿ, ಮನೆ ಮನೆಗೆ ಬಂದು ಕಸ ಒಯ್ಯುವ ಹೆಂಗಸರ ತಂಡ ಹರಿತ ಕರ್ಮ ಸೇನೆಯವರಿಗೆ ಕೊಡಿ. ಮೀನಿನ ವಾಸನೆ ಉಳಿದರೆ ಇಲಿ, ಬೀದಿನಾಯಿ ಬಂದು ಚೀಲ ಹರಿಯುತ್ತವೆ. ಚೆಲ್ಲಿದ್ದನ್ನು ಆಯುವವರೂ ಆ ಹೆಂಗಸರೇ.