ಸದ್ದಿಲ್ಲದ ಸಿಪಿಯು ಕೂಲರ್: ಆರಿಸಿದ್ದು, ಕೂರಿಸಿದ್ದು

ಸಿಪಿಯುವನ್ನು, ಅಂದರೆ ಕಂಪ್ಯೂಟರಿನ ಮುಖ್ಯ ಚಿಪ್ಪನ್ನು, ತಣ್ಣಗಿಡುವ ಕೂಲರ್ ಕೊಳ್ಳುವ ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಎಂದು ಖಚಿತ ಮಾಡಿಕೊಂಡೆ. ಕಂಪ್ಯೂಟರ್ ಓಡುತ್ತಿರುವಾಗಲೇ ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ತೆಗೆದು, ಒಂದೊಂದೇ ಫ್ಯಾನಿನ ನಡುವಿನ ಸ್ಟಿಕರ್ ಭಾಗವನ್ನು ಎರಡು ಸೆಕೆಂಡ್ ಬೆರಳಲ್ಲಿ ಒತ್ತಿ ನಿಲ್ಲಿಸಬೇಕು, ರೆಕ್ಕೆ ಮುಟ್ಟಬಾರದು. ಯಾವುದು ನಿಂತಾಗ ಕಿವಿಗೆ ಹಾಯೆನಿಸುತ್ತದೋ ಅದೇ ಕಳ್ಳ. ಗ್ರಾಫಿಕ್ಸ್ ಕಾರ್ಡ್ ಮಾಡುವ ಗಲಾಟೆಗೆ ಸಿಪಿಯು ಕೂಲರ್ ಬದಲಿಸಿದರೆ ಏನೂ ಸಿಗದು.

ನನ್ನ ಸಿಪಿಯು ಎಎಂಡಿಯ ರೈಝನ್ 7 5800ಎಕ್ಸ್, ಮದರ್‌ಬೋರ್ಡಿನಲ್ಲಿ ಅದು ಕೂರುವ ಸಾಕೆಟ್ ಎಎಂ4. ಹೆಸರಿಗೆ 105 ವ್ಯಾಟ್. ಪೂರ್ತಿ ಹೊರೆ ಬಿದ್ದಾಗ ಎಳೆಯುವ ಮಿತಿ 142 ವ್ಯಾಟ್. ಲೆಕ್ಕಕ್ಕೆ ಹಿಡಿಯಬೇಕಾದ್ದು ಈ ಎರಡನೆಯ ಅಂಕಿ. ಇಂಟೆಲ್‌ನಲ್ಲೂ ಇದೇ ಕಥೆ: ಕೋರ್ ಐ5 12400ಕ್ಕೆ ಮೂಲ 65, ಟರ್ಬೊದಲ್ಲಿ, ಅಂದರೆ ವೇಗ ಏರಿಸಿಕೊಂಡಾಗ, ಗರಿಷ್ಠ 117 ವ್ಯಾಟ್.

ದುಬಾರಿ ಫ್ಯಾನ್ ಹಾಕಿದ ಮಾತ್ರಕ್ಕೆ ಸದ್ದು ಅಡಗುವುದಿಲ್ಲ, ನಿಧಾನ ತಿರುಗಿದರೆ ಅಡಗುತ್ತದೆ. ಅದೇ ಫ್ಯಾನಿನ ವೇಗ ಅರ್ಧಕ್ಕಿಳಿದರೆ ಗಾಳಿ ಸುಮಾರು ಅರ್ಧವಾಗುತ್ತದೆ, ಸದ್ದು ಮಾತ್ರ ಸರಿಸುಮಾರು 15 ಡೆಸಿಬಲ್ ಕುಸಿಯುತ್ತದೆ. ಕಡಿಮೆ ಗಾಳಿಯಲ್ಲೂ ಬಿಸಿ ಬಿಟ್ಟುಕೊಡಲು ಹೀಟ್‌ಸಿಂಕ್, ಅಂದರೆ ಕೂಲರಿನ ಲೋಹದ ಹಾಳೆಗಳ ಭಾಗ, ದೊಡ್ಡದಿರಬೇಕು, ಅಷ್ಟೆ. ಹಾಗಾಗಿ ಹಾಳೆಗಳ ಎರಡು ಗೋಪುರ, ಬಿಸಿ ಸಾಗಿಸುವ ಆರು ಹೀಟ್‌ಪೈಪ್, ಎರಡು 120 ಮಿ.ಮೀ. ಫ್ಯಾನ್ ಇರುವ, 155 ಮಿ.ಮೀ. ಎತ್ತರದ ಕೂಲರ್ ಆರಿಸಿದೆ. ನೀರಿನ ಕೂಲರ್ ಕಡೆ ನೋಡಲಿಲ್ಲ. ಅದರ ಪಂಪು ಕಂಪ್ಯೂಟರ್ ಸುಮ್ಮನಿದ್ದಾಗಲೂ ಓಡುತ್ತಲೇ ಇರುತ್ತದೆ.

ಎತ್ತರವನ್ನು ಸಿಪಿಯುವಿನ ಮೇಲ್ಮೈಯಿಂದ ಮುಚ್ಚಳದ ಒಳಮೈವರೆಗೆ ಅಳೆಯಬೇಕು. ಎಡವುವುದು ಇಲ್ಲಲ್ಲ, ರ‍್ಯಾಮ್ ಬಳಿ. ಮುಂದಿನ ಫ್ಯಾನ್ ರ‍್ಯಾಮ್ ಮೇಲೆ ಚಾಚಿಕೊಂಡರೆ ಅದನ್ನು ಮೇಲಕ್ಕೆ ಸರಿಸಬೇಕಾಗುತ್ತದೆ, ಸರಿಸಿದಷ್ಟೂ ಕೂಲರಿನ ಒಟ್ಟು ಎತ್ತರ ಬೆಳೆಯುತ್ತದೆ. ಅಲಂಕಾರದ ಹೊದಿಕೆಯಿಲ್ಲದ 31–32 ಮಿ.ಮೀ.ನ ರ‍್ಯಾಮ್ ಇದ್ದರೆ ಈ ತಲೆನೋವಿಲ್ಲ.

ಹಳೆಯ ಕೂಲರನ್ನು ತಣ್ಣಗಿದ್ದಾಗ ನೇರ ಮೇಲಕ್ಕೆ ಕೀಳಬೇಡಿ. ಎಎಂ4ನಲ್ಲಿ ಪಿನ್ನುಗಳು ಸಿಪಿಯುವಿನಲ್ಲೇ ಇರುತ್ತವೆ; ಸಿಪಿಯುವಿನಿಂದ ಕೂಲರಿಗೆ ಬಿಸಿ ದಾಟಿಸುವ ಪೇಸ್ಟ್ ಗಟ್ಟಿಯಾಗಿದ್ದರೆ ಸಾಕೆಟ್ಟಿನ ಲಿವರ್ ಹಾಕಿದ್ದಾಗಲೂ ಸಿಪಿಯುವನ್ನು ಸಾಕೆಟ್ಟಿನಿಂದ ಎಳೆದು ತರುತ್ತದೆ, ಪಿನ್ ಬಾಗುತ್ತವೆ. ಹತ್ತು ನಿಮಿಷ ಭಾರಿ ಕೆಲಸ ಕೊಟ್ಟು ಬಿಸಿ ಮಾಡಿ, ಆಫ್ ಮಾಡಿ, ಪವರ್ ಕೇಬಲ್ ಕಿತ್ತು, ಕೂಲರನ್ನು ಎಡಬಲಕ್ಕೆ ತಿರುಚುತ್ತ ಬಿಡಿಸಿದೆ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒರೆಸಿದೆ.

ಸಾಕೆಟ್ಟಿನ ಎರಡು ಪ್ಲಾಸ್ಟಿಕ್ ಪಟ್ಟಿಗಳ ನಾಲ್ಕು ಸ್ಕ್ರೂ ಬಿಚ್ಚುವಾಗ ಮದರ್‌ಬೋರ್ಡ್ ಹಿಂದಿನ ತಗಡಿಗೆ ಕೈ ಕೊಟ್ಟಿರಬೇಕು, ಕೊನೆಯ ಸ್ಕ್ರೂ ಬಂದೊಡನೆ ಅದು ಬೀಳುತ್ತದೆ. ನಂತರ ಬಂದ ಎಎಂ5 ಸಾಕೆಟ್ಟಿನಲ್ಲಿ ಆ ತಗಡು ಸಾಕೆಟ್ಟಿಗೇ ಬಿಗಿದಿರುವುದರಿಂದ ಈ ಗೋಳಿಲ್ಲ. ಸಿಪಿಯುಗೆ ವಿದ್ಯುತ್ ತರುವ 8 ಪಿನ್ ಕೇಬಲನ್ನು ಈಗಲೇ ಚುಚ್ಚಿಬಿಡಿ. ಹೀಟ್‌ಸಿಂಕ್ ಕೂತ ಮೇಲೆ ಬೆರಳು ಅಲ್ಲಿಗೆ ಹೋಗದು.

ಪೇಸ್ಟ್ ನಡುವೆ ಬಟಾಣಿಯಷ್ಟು ಸಾಕು. ಹೀಟ್‌ಸಿಂಕಿನ ತಳದ ಪ್ಲಾಸ್ಟಿಕ್ ಹಾಳೆ ಕೀಳುವುದನ್ನು ಅನುಭವಿಗಳೂ ಮರೆಯುತ್ತಾರೆ. ಕ್ಯಾಬಿನೆಟ್ ಮಲಗಿಸಿ, ಹೀಟ್‌ಸಿಂಕನ್ನು ನೇರ ಇಳಿಸಿ, ಎರಡೂ ಸ್ಕ್ರೂಗಳನ್ನು ಎರಡೆರಡು ಸುತ್ತಿನಂತೆ ಬದಲಿಸುತ್ತ ಬಿಗಿದೆ. ಒಂದೇ ಕಡೆ ಪೂರ್ತಿ ಬಿಗಿದರೆ ತಳ ಓರೆಯಾಗಿ ಪೇಸ್ಟ್ ಇನ್ನೊಂದು ಬದಿಗೆ ಒತ್ತರಿಸುತ್ತದೆ. ಸ್ಕ್ರೂ ತಾನಾಗಿ ನಿಂತ ಮೇಲೆ ಜೋರು ಮಾಡಲಿಲ್ಲ.

ಫ್ಯಾನಿನ ಗಾಳಿ ಹೊರಬರುವುದು ಅಡ್ಡಪಟ್ಟಿಗಳಿರುವ ಬದಿಯಿಂದ. ಎರಡೂ ಹಿಂಬದಿಯ ಕಿಂಡಿಯತ್ತ ಊದುವಂತಿರಲಿ. ತಂತಿ ಕ್ಲಿಪ್ಪಿನ ಒಂದು ಕೊಂಡಿ ತಪ್ಪಿದ್ದರೂ ಕಿರಿಕಿರಿ ಶಬ್ದ ಗ್ಯಾರಂಟಿ. ಎರಡನ್ನೂ ಕವಲೊಡೆದ ವೈ ಕೇಬಲ್ ಮೂಲಕ ಮದರ್‌ಬೋರ್ಡಿನ ಸಿಪಿಯು ಫ್ಯಾನ್ ಹೆಡರಿಗೆ (ಫ್ಯಾನ್ ಜೋಡಿಸುವ ಪಿನ್ನುಗಳಿಗೆ) ಕೊಟ್ಟೆ. ವೇಗದ ಮಾಹಿತಿ ಒಂದರಿಂದ ಮಾತ್ರ ಬರುತ್ತದೆ.

ಇನ್ನು ಬಯೋಸ್, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿರುವ ಜಾಗ. ನಿಜವಾದ ಕೆಲಸವಿರುವುದು ಇಲ್ಲೇ. ಬ್ರೌಸರ್ ತೆರೆದರೆ ಸಾಕು, ಈ ಸಿಪಿಯುವಿನ ಉಷ್ಣತೆ ಒಂದೇ ಕ್ಷಣದಲ್ಲಿ ಜಿಗಿದು ಮತ್ತೆ ಇಳಿಯುತ್ತದೆ. ಫ್ಯಾನ್ ಅದರ ಹಿಂದೆಯೇ ಓಡಿದರೆ ಏರಿಳಿತದ ಸದ್ದು ನಿರಂತರ ಸದ್ದಿಗಿಂತ ಹೆಚ್ಚು ಕಾಡುತ್ತದೆ. ಅಷ್ಟೊಂದು ಲೋಹ ಕಾಯಲು ಸಮಯ ಬೇಕು, ಆ ಜಿಗಿತಗಳಿಗೆ ಫ್ಯಾನ್ ಸ್ಪಂದಿಸಬೇಕಿಲ್ಲ. ಉಷ್ಣತೆಗೆ ತಕ್ಕ ಫ್ಯಾನ್ ವೇಗದ ಗೆರೆಯನ್ನು 60 ಡಿಗ್ರಿವರೆಗೆ ಶೇ. 30ರ ಸಮತಟ್ಟು, 75ಕ್ಕೆ ಶೇ. 50, 85ಕ್ಕೆ ಶೇ. 75 ಎಂದು ಇಟ್ಟು, ವೇಗ ಏರುವ ಮುನ್ನ ಕೆಲವು ಸೆಕೆಂಡ್ ಕಾಯುವಂತೆ ಮಾಡಿದೆ. ಬಳಿಕ ವೇಗವನ್ನು ಕೈಯಾರೆ ಮೆಲ್ಲಗೆ ಏರಿಸುತ್ತ ಕಿವಿಗೊಟ್ಟೆ: ಒಂದು ವೇಗದಲ್ಲಿ ಇಡೀ ಕ್ಯಾಬಿನೆಟ್ ಗುಂಯ್‌ಗುಟ್ಟುತ್ತದೆ. ಆ ವೇಗದ ಆಸುಪಾಸಿನಲ್ಲಿ ಫ್ಯಾನ್ ತಂಗದಂತೆ ಗೆರೆಯನ್ನು ಅಲ್ಲಿ ಕಡಿದಾಗಿಸಿದೆ. ಇದರ ಮೇಲೆ, ವಿದ್ಯುತ್ ಉಳಿಸುವ ಇಕೊ ಮೋಡ್‌ನಲ್ಲಿ ಸಿಪಿಯು ಎಳೆಯುವ ಮಿತಿಯನ್ನು 142ರಿಂದ 88 ವ್ಯಾಟ್‌ಗಿಳಿಸಿದರೆ ಕೆಲಸದ ವೇಗ ಸ್ವಲ್ಪವೇ ತಗ್ಗುತ್ತದೆ, ಬಿಸಿ ಬಹಳ ತಗ್ಗುತ್ತದೆ.

ಹತ್ತು ನಿಮಿಷ ಪೂರ್ತಿ ಹೊರೆ ಕೊಟ್ಟು ಪರೀಕ್ಷಿಸಿ. ಕೆಲವೇ ಸೆಕೆಂಡಿನಲ್ಲಿ 90 ಡಿಗ್ರಿ ಮುಟ್ಟಿ, ಹೀಟ್‌ಸಿಂಕ್ ಮಾತ್ರ ಕೈಗೆ ತಣ್ಣಗಿದ್ದರೆ ತಳ ಸಿಪಿಯುಗೆ ಸರಿಯಾಗಿ ತಾಗಿಲ್ಲ. ಬಿಚ್ಚಿ, ಪೇಸ್ಟ್ ಒರೆಸಿ, ಮತ್ತೆ ಕೂರಿಸಿ. ಮತ್ತೊಂದು ಸಣ್ಣ ಸಂಗತಿ: ಫ್ಯಾನ್ ತೀರಾ ನಿಧಾನವಾಗಿದ್ದರೆ ಕೆಲವು ಮದರ್‌ಬೋರ್ಡ್‌ಗಳು ಆನ್ ಮಾಡಿದಾಗ ಫ್ಯಾನ್ ದೋಷವೆಂದು ನಿಂತುಬಿಡುತ್ತವೆ. ಫ್ಯಾನ್ ತಿರುಗುತ್ತಿರುವುದನ್ನು ಕಣ್ಣಾರೆ ನೋಡಿ, ಎಚ್ಚರಿಕೆಯ ಕನಿಷ್ಠ ವೇಗವನ್ನು ನಿಮಿಷಕ್ಕೆ 200 ಸುತ್ತಿಗೆ (ಆರ್‌ಪಿಎಂ) ಇಳಿಸಿದೆ.